‘ಸ್ಪಷ್ಟ’ವೆಂಬ ಒಂದು ಪದ, ‘ಬಿಡಿಸಿ ಹೇಳು’ವ ಹಲವು ಬಗೆ: ಕನ್ನಡದಲ್ಲಿ ತಿಳಿಮಾತಿನ ಪದಕೋಶ

ಮಾತಿನ ನಿಚ್ಚಳತೆಯನ್ನು ಸೂಚಿಸಬೇಕಾದಾಗ ಇಂದಿನ ಬರಹಗನ್ನಡವು ಮೊದಲು ಆಶ್ರಯಿಸುವುದು ‘ಸ್ಪಷ್ಟ’ ಎಂಬ ಪದವನ್ನು. ಉಚ್ಚಾರಣೆ ಸ್ಪಷ್ಟ, ವಾದ ಸ್ಪಷ್ಟ, ನಿಲುವು ಸ್ಪಷ್ಟ, ಕೈಬರಹವೂ ಸ್ಪಷ್ಟವೇ. ಇದರಿಂದಾಗಿ ‘ಬಿಡಿಸಿ ಹೇಳು’, ‘ಬಿಚ್ಚಿ ಹೇಳು’, ‘ಒಡೆದು ಹೇಳು’, ‘ಬಾಯಿಬಿಟ್ಟು ಹೇಳು’ ಮುಂತಾದ ರಚನೆಗಳಿಗೆಲ್ಲ ‘ಸ್ಪಷ್ಟವಾಗಿ ಹೇಳು’ ಎಂಬ ಒಂದೇ ಅರ್ಥವನ್ನು ಕೊಟ್ಟು ಮುಂದೆ ಸಾಗುವುದು ಅನುವಾದದಲ್ಲಿಯೂ ಬೋಧನೆಯಲ್ಲಿಯೂ ರೂಢಿಯಾಗಿದೆ. ಈ ರಚನೆಗಳು ಸಮಾನಾರ್ಥಕಗಳಲ್ಲ. ಹೇಳುವವನಿಗೂ ಕೇಳುವವನಿಗೂ ನಡುವೆ ಇದ್ದ ಅಡ್ಡಿ ಯಾವುದು ಎಂಬುದರ ಬಗ್ಗೆ ಪ್ರತಿಯೊಂದೂ ಬೇರೆಬೇರೆ ಪೂರ್ವಗ್ರಹೀತವನ್ನು ಹೊತ್ತಿದೆ ಎಂಬುದೇ ಈ ಲೇಖನದ ಪ್ರತಿಪಾದನೆ.

ಸಂಸ್ಕೃತದಿಂದ ಬಂದ ಪದಗಳನ್ನು ಮೊದಲು ನೋಡಬಹುದು. ‘ಸ್ಪಷ್ಟ’ದ ಹಿಂದಿರುವ ಧಾತು ನೋಡುವುದಕ್ಕೆ ಸಂಬಂಧಿಸಿದ್ದು. ‘ವಿಶದ’ಕ್ಕೆ ಬೆಳಗುವ, ಬಿಳುಪಾದ ಎಂಬ ಅರ್ಥವೂ ಉಂಟು. ‘ಸ್ಫುಟ’ವೆಂದರೆ ಒಡೆದು ಅರಳಿದ್ದು, ‘ಪ್ರಸನ್ನ’ವೆಂದರೆ ಕದಡು ಇಳಿದು ನೆಲೆಗೊಂಡದ್ದು. ಇವೆಲ್ಲ ಮಾತನ್ನು ಕಣ್ಣೆದುರಿನ ವಸ್ತುವಾಗಿಸಿ ಅದರ ಗುಣವನ್ನು ಹೇಳುತ್ತವೆ. ದಂಡಿಯ ‘ಕಾವ್ಯಾದರ್ಶ’ವು ಹತ್ತು ಗುಣಗಳಲ್ಲಿ ಪ್ರಸಾದವನ್ನೂ ಅರ್ಥವ್ಯಕ್ತಿಯನ್ನೂ ಎಣಿಸುತ್ತದೆ: ಅರ್ಥವು ಪ್ರಸಿದ್ಧವಾಗಿದ್ದರೆ ಪ್ರಸಾದ, ಅದನ್ನು ಹೊರಗಿನಿಂದ ತಂದು ತುಂಬಿಕೊಳ್ಳಬೇಕಾಗದಿದ್ದರೆ ಅರ್ಥವ್ಯಕ್ತಿ. ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದ ಗುಣವಿಚಾರವೂ ಇದೇ ಪರಂಪರೆಗೆ ಸೇರಿದ್ದು.

ಕನ್ನಡದ ‘ತಿಳಿ’ಯೂ ನೀರಿನ ಪದವೇ. ತಿಳಿನೀರು, ತಿಳಿಗನ್ನಡ, ತಿಳಿಸಾರು ಎಂಬಲ್ಲಿ ಅದು ವಿಶೇಷಣ. ‘ನನಗೆ ತಿಳಿಯಿತು’ ಎಂಬಲ್ಲಿ ಕ್ರಿಯಾಪದ. ತಮಿಳಿನ ‘ತೆಳಿ’ಯಲ್ಲಿಯೂ ಈ ಎರಡು ಅರ್ಥಗಳು ಜೊತೆಯಾಗಿವೆ. ಅರ್ಥಮೂಲದಲ್ಲಿ ‘ತಿಳಿ’ ‘ಪ್ರಸನ್ನ’ಕ್ಕೆ ಹತ್ತಿರವಾದರೂ ವಾಕ್ಯರಚನೆಯಲ್ಲಿ ಎರಡೂ ಬೇರೆ ದಾರಿ ಹಿಡಿಯುತ್ತವೆ. ‘ಅವರ ಮಾತು ಸ್ಪಷ್ಟವಾಗಿತ್ತು’ ಎಂಬ ವಾಕ್ಯ ಅಷ್ಟಕ್ಕೇ ಪೂರ್ಣ. ಅಲ್ಲಿ ಕೇಳುಗನ ಅಗತ್ಯವಿಲ್ಲ. ‘ಅವರ ಮಾತು ತಿಳಿಯಿತು’ ಎಂದಾಗ ಯಾರಿಗೆ ಎಂಬ ಪ್ರಶ್ನೆ ತಾನಾಗಿ ಏಳುತ್ತದೆ, ಏಕೆಂದರೆ ಚತುರ್ಥಿಯಲ್ಲಿ ಬರುವ ಅನುಭವಿಯು ಈ ಕ್ರಿಯಾಪದದ ಅವಶ್ಯ ಅಂಗ. ತಿಳಿವು ನೆಲಸುವುದು ಕೇಳುಗನಲ್ಲಿ.

ಇನ್ನು ‘ಬಿಡಿಸು’. ಅವರೆಕಾಯಿ ಬಿಡಿಸುತ್ತೇವೆ, ಕಿತ್ತಳೆ ಬಿಡಿಸುತ್ತೇವೆ. ಗಂಟು, ಲೆಕ್ಕ, ಒಗಟು, ಸೆರೆ ಇವನ್ನೂ ಬಿಡಿಸುತ್ತೇವೆ. (ರಂಗೋಲಿಯನ್ನು ಬಿಡಿಸುವುದು ಈ ಸಾಲಿಗೆ ಹೇಗೆ ಸೇರಿತೆಂಬುದು ಬೇರೆಯೇ ಒಂದು ಲೇಖನದ ವಿಷಯ.) ಒಂದಕ್ಕೊಂದು ಅಂಟಿದ್ದನ್ನು ಅಥವಾ ಹೆಣೆದುಕೊಂಡದ್ದನ್ನು ಬಿಡಿಬಿಡಿಯಾಗಿಸುವ ಕೈಗೆಲಸ ಇದು. ‘ಬಿಡಿಸಿ ಹೇಳು’ ಎಂಬಲ್ಲಿ ಅದು ಪ್ರತ್ಯೇಕ ಕ್ರಿಯೆಯಾಗಿ ಉಳಿಯದೆ ಹೇಳುವ ರೀತಿಯಾಗುತ್ತದೆ. ‘ಲೆಕ್ಕವನ್ನು ಬಿಡಿಸಿ ಉತ್ತರವನ್ನು ಹೇಳಿದಳು’ ಎಂಬಲ್ಲಿ ಕೆಲಸಗಳು ಎರಡು. ‘ಲೆಕ್ಕವನ್ನು ಬಿಡಿಸಿ ಹೇಳಿದಳು’ ಎಂಬಲ್ಲಿ ಸಹಜವಾಗಿ ಕೇಳಿಬರುವುದು ಒಂದೇ: ಹಂತಹಂತವಾಗಿ ವಿವರಿಸಿದಳು. ನಿಷೇಧಾರ್ಥದಲ್ಲಿ ಇದು ಇನ್ನೂ ಖಚಿತವಾಗುತ್ತದೆ. ‘ಅವನು ಬಿಡಿಸಿ ಹೇಳಲಿಲ್ಲ’ ಎಂದರೆ ಹೇಳಿದ್ದು ನಿಜ, ಬಿಡಿಸಿದ್ದು ಮಾತ್ರ ಸುಳ್ಳು. ನಿಷೇಧವು ಮುಖ್ಯ ಕ್ರಿಯಾಪದದ ಮೇಲಿದ್ದರೂ ಅದರ ಪೆಟ್ಟು ಬೀಳುವುದು ಭೂತನ್ಯೂನದ ಮೇಲೆ.

‘ಬಿಡಿಸಿ ಹೇಳಿ’ ಎಂದು ಕೇಳುವವನು ವಿಷಯವೇ ತೊಡಕಿನದೆಂದು ಒಪ್ಪಿಕೊಂಡಿರುತ್ತಾನೆ; ಹೇಳುವವನ ಮೇಲೆ ಆರೋಪವಿಲ್ಲ. ‘ಮನಸ್ಸು ಬಿಚ್ಚಿ ಹೇಳಿ’ ಎಂಬಲ್ಲಿ ಅಡ್ಡಿ ಸಂಕೋಚ. ‘ಒಡೆದು ಹೇಳು’ ಎಂಬುದು ಗುಟ್ಟನ್ನು ಊಹಿಸುತ್ತದೆ. ‘ಬಾಯಿಬಿಟ್ಟು ಹೇಳು’ ಎಂಬುದು ಬೇಕೆಂದೇ ಮೌನವಾಗಿರುವವನನ್ನು. ‘ಒತ್ತಿ ಹೇಳು’ ಎಂಬಲ್ಲಿ ಕೊರತೆ ಇರುವುದು ಕೇಳುಗನ ಗಮನದಲ್ಲಿ. ‘ಕಡ್ಡಿ ಮುರಿದಂತೆ ಹೇಳು’ ಎಂಬಲ್ಲಿ ಇಲ್ಲವಾಗುವುದು ಚೌಕಾಸಿಯ ಅವಕಾಶ. ಗಣಿತದ ಅಧ್ಯಾಪಕರಿಗೆ ‘ಈ ಪ್ರಮೇಯವನ್ನು ಬಾಯಿಬಿಟ್ಟು ಹೇಳಿ’ ಎಂದು ಕೇಳುವ ವಿದ್ಯಾರ್ಥಿಯನ್ನು ಊಹಿಸಿಕೊಂಡರೆ ಭೇದ ಎಷ್ಟು ಗಟ್ಟಿಯಾದುದೆಂಬುದು ಮನದಟ್ಟಾದೀತು. ಸಾಕ್ಷಿಯೊಬ್ಬನಿಗೆ ಹೇಳಿದ ‘ಬಿಡಿಸಿ ಹೇಳಪ್ಪ’ ಎಂಬ ಮಾತೂ ‘ಬಾಯಿಬಿಟ್ಟು ಹೇಳಪ್ಪ’ ಎಂಬ ಮಾತೂ ಇಂಗ್ಲಿಷಿನ ದಾಖಲೆಯಲ್ಲಿ ಒಂದೇ ವಾಕ್ಯವಾದರೆ ಕಳೆದುಹೋಗುವುದು ಶೈಲಿ ಮಾತ್ರವಲ್ಲ, ಆತನ ಮೇಲಿದ್ದ ಸಂಶಯವೂ ಹೌದು.

ನಿರರ್ಗಳತೆಯನ್ನು ಈ ಗುಂಪಿನಿಂದ ಹೊರಗಿಡಬೇಕು. ‘ನಿರರ್ಗಳ’ವೆಂದರೆ ಅಗುಳಿ ಇಲ್ಲದ್ದು, ‘ಅರಳು ಹುರಿದಂತೆ’ ಎಂಬ ನುಡಿಗಟ್ಟು ಚಟಪಟನೆ ಸಿಡಿಯುವ ವೇಗವನ್ನು ಹೇಳುತ್ತದೆ. ಎರಡೂ ಹರಿವಿನ ಮಾತುಗಳು. ‘ಅರಳು ಹುರಿದಂತೆ ಮಾತನಾಡಿದರು, ಒಂದೂ ತಿಳಿಯಲಿಲ್ಲ’ ಎಂಬ ವಾಕ್ಯದಲ್ಲಿ ಯಾವ ವಿರೋಧವೂ ಇಲ್ಲ. ಸಭೆಗಳಲ್ಲಿ ಕೂತು ಬಲ್ಲವರಿಗೆ ಉದಾಹರಣೆ ಬೇಕಿಲ್ಲ.

ಈ ಭೇದಗಳ ನಷ್ಟ ಅತ್ಯಂತ ತೀವ್ರವಾಗಿ ತಟ್ಟುವುದು ಆಸ್ಪತ್ರೆಯಲ್ಲಿ. ಪಾರ್ಶ್ವವಾಯುವಿನ ನಂತರ ರೋಗಿಯ ಮನೆಯವರನ್ನು ‘ಮಾತು ಸ್ಪಷ್ಟವಾಗಿದೆಯೇ?’ ಎಂದು ಕೇಳಿದರೆ ‘ಇಲ್ಲ’ ಎಂಬ ಉತ್ತರದಿಂದ ತಿಳಿಯುವುದು ಅಲ್ಪ. ಉಚ್ಚಾರಣೆಯ ಸ್ನಾಯುಗಳು ಬಲಗುಂದಿದ್ದರೆ ಪದಗಳು ಸರಿಯಾಗಿದ್ದು ಧ್ವನಿಗಳು ಕಲಸಿಹೋಗುತ್ತವೆ. 1861ರಲ್ಲಿ ಬ್ರೋಕಾ ಗುರುತಿಸಿದ ಬಗೆಯ ಭಾಷಾನಷ್ಟದಲ್ಲಿ ಪದವೇ ಒದಗದೆ ಮಾತು ತುಂಡುತುಂಡಾಗುತ್ತದೆ. 1874ರಲ್ಲಿ ವರ್ನಿಕೆ ವಿವರಿಸಿದ ಬಗೆಯಲ್ಲಿ ಉಚ್ಚಾರಣೆಯೂ ಹರಿವೂ ಬಹುಮಟ್ಟಿಗೆ ಚೆನ್ನಾಗಿದ್ದು ಅರ್ಥ ಮಾತ್ರ ಕೂಡುವುದಿಲ್ಲ. ಅಂಥ ಮಾತಿಗೆ ‘ಸ್ಪಷ್ಟವಾಗಿಯೇ ಇದೆ’ ಎಂಬ ಉತ್ತರ ಬಂದರೂ ಆಶ್ಚರ್ಯವಿಲ್ಲ. ಮನೆಮಾತಿನಲ್ಲಿ ಇವುಗಳಿಗೆ ಹೊಂದುವ ಪದಗಳು ಸಿದ್ಧವಾಗಿವೆ: ನಾಲಿಗೆ ತೊದಲುತ್ತದೆಯೇ, ಪದಕ್ಕಾಗಿ ತಡಕಾಡುತ್ತಾರೆಯೇ, ಅಥವಾ ಸಲೀಸಾಗಿ ಮಾತನಾಡುತ್ತಲೇ ಏನೇನೋ ಬಡಬಡಿಸುತ್ತಾರೆಯೇ? ಇವು ರೋಗನಿದಾನದ ಪದಗಳಲ್ಲ. ‘ತೊದಲು’ ಮಗುವಿನ ಮಾತಿಗೂ ಸಲ್ಲುತ್ತದೆ, ‘ಬಡಬಡಿಸು’ವಿನಲ್ಲಿ ತುಸು ತಾತ್ಸಾರವೂ ಇದೆ. ಆದರೂ ಪ್ರಶ್ನಾವಳಿಯ ಮೊದಲ ಸಾಲಿನಲ್ಲಿ ‘ಸ್ಪಷ್ಟ’ದ ಬದಲು ಈ ಮೂರನ್ನು ಬೇರೆಬೇರೆಯಾಗಿ ಕೇಳಿದರೆ, ಸಾಕ್ಷರರಲ್ಲದ ತಾಯಿಯೂ ತಜ್ಞರಿಗೆ ಬೇಕಾದ ವ್ಯತ್ಯಾಸವನ್ನು ತಾನು ಕಂಡಂತೆ ಬಿಡಿಸಿ ಹೇಳಬಲ್ಲಳು.