ನಿವೃತ್ತಿಯ ಮರುದಿನ

ಮೂವತ್ತು ವರ್ಷ ಕಚೇರಿಯ ಮೆಟ್ಟಿಲುಗಳನ್ನು ಹತ್ತಿ ಇಳಿದವರು ಕೆಲಸ ಬಿಟ್ಟ ಮರುದಿನ ಬೆಳಗ್ಗೆ ಹತ್ತು ಗಂಟೆಗೆ ಏನು ಮಾಡಬೇಕು? ಅಂಥವರನ್ನು ನಾವೆಲ್ಲರೂ ಕಂಡಿದ್ದೇವೆ. ಸ್ನಾನ ಊಟಗಳು ಎಂದಿನ ಹೊತ್ತಿಗೇ ಮುಗಿದಿರುತ್ತವೆ. ಹೋಗಬೇಕಾದ ಸ್ಥಳ ಮಾತ್ರ ಇರುವುದಿಲ್ಲ. ಮನೆಯ ಆಡಳಿತದಲ್ಲಿ ಕೈಯಿಡೋಣವೆಂದರೆ, ಅಲ್ಲಿ ಬಹುಕಾಲದಿಂದ ಗೃಹಿಣಿಯ ಅಧಿಕಾರ ಸುಗಮವಾಗಿ ನಡೆದುಬಂದಿದೆ. ಆಕೆಗೆ ಹೊಸ ಮೇಲಧಿಕಾರಿಯೊಬ್ಬರು ಬೇಕಾಗಿಲ್ಲ.

ಈ ತಳಮಳವು ಕೇವಲ ಬಿಡುವಿನಿಂದ ಹುಟ್ಟಿದುದಲ್ಲ. ಸಂಬಳ ನಿಂತರೆ ಪಿಂಚಣಿ ಬರುತ್ತದೆ. ಹುದ್ದೆಯ ಹೆಸರು ಹೋದರೆ ಅದರ ಸ್ಥಾನಕ್ಕೆ ಬರುವುದೇನು? 'ತಾವು ಯಾರು?' ಎಂದು ಕೇಳಿದವರಿಗೆ ನಾವು ಹುದ್ದೆಯನ್ನೇ ಹೇಳಿ ರೂಢಿಯಾಗಿದೆ. ಆದುದರಿಂದಲೇ ಬಾಗಿಲ ಫಲಕದಲ್ಲಿ ಹಳೆಯ ಹುದ್ದೆಯ ಹಿಂದೆ 'ನಿವೃತ್ತ' ಎಂಬ ಪದವನ್ನು ಸೇರಿಸಿ ಅದನ್ನು ಹಾಗೆಯೇ ಉಳಿಸಿಕೊಳ್ಳುತ್ತೇವೆ. ಇದನ್ನು ಕಂಡು ನಗುವುದು ಸುಲಭ, ನಮ್ಮ ಸರದಿ ಬರುವವರೆಗೆ.

ಆ ಪದವೂ ನಮ್ಮನ್ನು ಕೊಂಚ ದಾರಿ ತಪ್ಪಿಸಿದೆ. ಶಾಸ್ತ್ರಗಳಲ್ಲಿ ನಿವೃತ್ತಿಯೆಂದರೆ ಪ್ರವೃತ್ತಿಗೆ ಎದುರಾದುದು. ಮನಸ್ಸು ಹಣ್ಣಾಗಿ ತಾನೇ ಲೌಕಿಕದಿಂದ ಹಿಂದಿರುಗುವುದು. ಸರ್ಕಾರದ ನಿವೃತ್ತಿಯಾದರೋ ಹುಟ್ಟಿದ ತಾರೀಖನ್ನು ನೋಡಿಕೊಂಡು ಬರುತ್ತದೆ. ಮನಸ್ಸು ಹಣ್ಣಾಯಿತೇ ಎಂದು ವಿಚಾರಿಸುವುದಿಲ್ಲ.

ಕೆಲವು ವೇಳೆ ಅದು ನೋವನ್ನೂ ಜೊತೆಗೆ ತರುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು 1914ರಲ್ಲಿ ಮೈಸೂರು ಸಂಸ್ಥಾನದ ಸಿವಿಲ್ ಸರ್ವಿಸಿಗೆ ಸೇರಿ, ನಾನಾ ಊರುಗಳಲ್ಲಿ ಅಧಿಕಾರ ನಡೆಸಿದವರು. ತಮಗೆ ನ್ಯಾಯವಾಗಿ ಸಲ್ಲಬೇಕಾಗಿದ್ದ ಮಂತ್ರಿಸಮಾನ ಪದವಿ ಕಿರಿಯರೊಬ್ಬರಿಗೆ ಸಂದಾಗ, 1943ರಲ್ಲಿ ರಾಜೀನಾಮೆಯಿತ್ತು ಹೊರಬಂದರು. ಅಲ್ಲಿಗೇ ನಿಂತು ಆ ಅನ್ಯಾಯವನ್ನು ಮೆಲುಕು ಹಾಕುತ್ತ ಕುಳಿತಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಆದರೆ ಮರುವರ್ಷವೇ 'ಜೀವನ' ಪತ್ರಿಕೆಯ ಸಂಪಾದಕತ್ವ ಅವರ ಕೈಗೆ ಬಂದಿತು. 1965ರವರೆಗೂ ಅದನ್ನು ನಡೆಸಿದರು. 'ಚಿಕವೀರ ರಾಜೇಂದ್ರ' ಪ್ರಕಟವಾದುದು 1956ರಲ್ಲಿ.

ಇದು ರಾಜೀನಾಮೆಯ ಮರುದಿನ ಹೊಳೆದ ದಾರಿಯಲ್ಲವೆಂಬುದನ್ನು ಗಮನಿಸಬೇಕು. ಅವರ ಮೊದಲ ಕಥಾಸಂಗ್ರಹ 1920ರಲ್ಲಿಯೇ ಹೊರಬಂದಿತ್ತು. ಹಗಲು ಕಡತಗಳಿಗೆ ಸಹಿ ಮಾಡುತ್ತಿದ್ದ ಅಧಿಕಾರಿಗೆ 'ಶ್ರೀನಿವಾಸ'ನೆಂಬ ಇನ್ನೊಂದು ಹೆಸರೂ ಇದ್ದಿತು. ಸರ್ಕಾರವು ಕೊಡದಿದ್ದ ಆ ಹೆಸರನ್ನು ಸರ್ಕಾರವು ಹಿಂದಕ್ಕೆ ಪಡೆಯುವಂತಿರಲಿಲ್ಲ.

ವಿಶ್ವೇಶ್ವರಯ್ಯನವರ ಮಾತು ಬೇರೆ. ದಿವಾನಗಿರಿಯನ್ನು ಬಿಟ್ಟ ಮೇಲೂ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಹೊಣೆ ಹೊತ್ತ ಅವರನ್ನು ನಮ್ಮಂಥವರಿಗೆ ಮೇಲ್ಪಂಕ್ತಿಯಾಗಿ ತೋರಿಸುವುದು ಅಷ್ಟೇನೂ ಪ್ರಯೋಜನಕರವಲ್ಲ.

ಎಲ್ಲರೂ ಕಥೆ ಬರೆಯಬಲ್ಲರೆ? ಇಲ್ಲ, ಬರೆಯಬೇಕಾಗಿಯೂ ಇಲ್ಲ. ಲೆಕ್ಕವನ್ನು ಬಲ್ಲವರು ಬಡಾವಣೆಯ ವಾಚನಾಲಯದ ಲೆಕ್ಕವನ್ನು ನೋಡಬಹುದು. ಇಲ್ಲವೇ ನೆರೆಮನೆಯ ಹುಡುಗನಿಗೆ ಭಿನ್ನರಾಶಿಯನ್ನು ಹೇಳಿಕೊಡಬಹುದು. ಕಷ್ಟವಿರುವುದು ಕೆಲಸದಲ್ಲಲ್ಲ, ಅಲ್ಲಿ ಎದ್ದು ನಿಂತು ಕೈಮುಗಿಯುವ ಜವಾನನಿಲ್ಲದಿರುವುದರಲ್ಲಿ. ಭಿನ್ನರಾಶಿಯಲ್ಲಿ ಸಿಕ್ಕಿಕೊಂಡ ಹುಡುಗನು ತನ್ನ ಮುಂದೆ ಕುಳಿತಿರುವವರು ಹಿಂದೆ ಏನಾಗಿದ್ದರೆಂದು ಕೇಳುವುದಿಲ್ಲ. ಲೆಕ್ಕವು ಬಗೆಹರಿಯದಿದ್ದರೆ ನಾಳೆಯೂ ಬರುತ್ತಾನೆ.