ಕಡ್ಡಿ ನೆಟ್ಟರೆ ಗಿಡ. ಆದರೆ ಯಾವ ಕಡ್ಡಿ, ಯಾವಾಗ?

ಉದಕಮಂಡಲ: ಮೇ ತಿಂಗಳ ಫಲಪುಷ್ಪ ಪ್ರದರ್ಶನಕ್ಕೆ ಬಂದ ಮೈಸೂರು ಕಡೆಯ ನೆಂಟರು ಹೊರಡುವಾಗ ಕೇಳುವ ಮಾತು ಒಂದೇ: 'ಅಕ್ಕಾ, ಆ ನೀಲಿ ಹೂವಿನ ಗಿಡದ್ದು ಒಂದ್ ಕಡ್ಡಿ ಕೊಡ್ರೀ'. ಕಡ್ಡಿ ಬಸ್ ಹತ್ತುತ್ತದೆ, ಬಂಡೀಪುರ ದಾಟುತ್ತದೆ. ಗುಂಡ್ಲುಪೇಟೆ ಬರುವಷ್ಟರಲ್ಲಿ ಬಾಡಿ ಬಗ್ಗಿರುತ್ತದೆ.

ಆ ನೀಲಿ ಹೂವು ಹೈಡ್ರಾಂಜಿಯಾ. ನೀಲಗಿರಿಯ ಹುಳಿ ಮಣ್ಣಿನಲ್ಲಿ ಅದು ನೀಲಿಯಾಗಿ ಅರಳುತ್ತದೆ. ಸುಣ್ಣದಂಶವಿರುವ ಮಣ್ಣಿಗೆ ಹೋದರೆ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಯಲುಸೀಮೆಯ ಬಿಸಿಲಂತೂ ಅದಕ್ಕೆ ಆಗಿಬರುವುದಿಲ್ಲ. ಕೆಳಗಿನವರು ದಾಸವಾಳ, ಕೇಪಳ, ನಂದಿಬಟ್ಟಲಿನ ಕಡ್ಡಿ ಕೇಳುವುದೇ ಜಾಣತನ.

ಹಳೆಯ ವಿದ್ಯೆ

ಬೆಟ್ಟಕ್ಕೆ ಈ ವಿದ್ಯೆ ಹೊಸದಲ್ಲ. 1848ರಲ್ಲಿ ಊಟಿಯ ಸಸ್ಯೋದ್ಯಾನ ರೂಪಿಸಲು ಬಂದ ವಿಲಿಯಂ ಗ್ರಹಾಂ ಮ್ಯಾಕೈವರ್, 1860ರ ದಶಕದಲ್ಲಿ ದಕ್ಷಿಣ ಅಮೆರಿಕದ ಸಿಂಕೋನ ಗಿಡಗಳನ್ನು ಕಡ್ಡಿಗಳಿಂದಲೂ ಹೆಚ್ಚಿಸಿದರು. ಗೂಡಲೂರು ದಾರಿಯ ನಡುವಟ್ಟಂನಲ್ಲಿ ಸಿಂಕೋನ ತೋಟ ಎದ್ದಿತು. ಅದರ ತೊಗಟೆಯಿಂದ ಮಲೇರಿಯಾಕ್ಕೆ ಕ್ವಿನೈನ್ ಸಿಕ್ಕಿತು.

ಮಾಡುವುದು ಹೀಗೆ

ಹೂ ಬಿಡದ, ತೀರಾ ಎಳೆಯದೂ ಅಲ್ಲದ ತೀರಾ ಬಲಿತದ್ದೂ ಅಲ್ಲದ ರೆಂಬೆಯಿಂದ 10ರಿಂದ 15 ಸೆಂ.ಮೀ. ಕಡ್ಡಿಯನ್ನು ಬೆಳಿಗ್ಗೆ ಹೊತ್ತು ಕತ್ತರಿಸಬೇಕು. ಕತ್ತರಿ ಗಿಣ್ಣಿನ ಸ್ವಲ್ಪ ಕೆಳಗೆ ಬೀಳಲಿ. ಬೇರು ಸುಲಭವಾಗಿ ಒಡೆಯುವುದು ಅಲ್ಲಿಯೇ. ಕೆಳಗಿನ ಎಲೆ ತೆಗೆದು, ಮೇಲಿನ ದೊಡ್ಡ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಮರಳು ಹೆಚ್ಚಾಗಿ ಬೆರೆತ ಮಣ್ಣಿಗೆ ಊರಬೇಕು. ಮೇಲೆ ಗಾಜಿನ ಜಾಡಿ ಬೋರಲು ಹಾಕಿದರೆ ತೇವ ನಿಲ್ಲುತ್ತದೆ. ಮೂರರಿಂದ ಆರು ವಾರ ನೆರಳಿನಲ್ಲಿರಲಿ. 'ಬೇರು ಬಂತಾ ನೋಡೋಣ' ಅಂತ ದಿನಾ ಕೀಳಬಾರದು!

ಮೂರು ಊರು, ಮೂರು ಹವೆ

ಜೂನ್-ಜುಲೈ ತಂಪು ಊಟಿಯವರಿಗೆ ಒಳ್ಳೆಯ ಕಾಲ. ಡಿಸೆಂಬರ್-ಜನವರಿಯ ಇಬ್ಬನಿ ಹೆಪ್ಪುಗಟ್ಟುವ ಮೊದಲು ಗಿಡ ಗಟ್ಟಿಯಾಗಬೇಕು. ಸಂಜೆ ಗೋಣಿತಾಟು ಹೊದಿಸುವುದು ಕ್ಷೇಮ. ಗೂಡಲೂರಿನಲ್ಲಿ ಮುಂಗಾರು ಜೋರು, ಕಡ್ಡಿ ಕೊಳೆಯುತ್ತದೆ. ಸೂರಿನಡಿ ಇಟ್ಟು ನೀರು ಬಸಿದು ಹೋಗುವಂತೆ ನೋಡಿಕೊಳ್ಳಬೇಕು. ಮಳೆ ನೆರಳಿನ ಮಸಿನಗುಡಿಯಲ್ಲಿ ಸಮಸ್ಯೆ ತದ್ವಿರುದ್ಧ: ಒಣ ಗಾಳಿಗೆ ಎಲೆ ಸುರುಟುತ್ತದೆ, ಜಾಡಿ ಬೇಕೇ ಬೇಕು.

ಕಾಡು ನುಂಗಿದ ಹೂವು

ಹೊಸ ಗಿಡ ತರುವ ಆಸೆಗೆ ಬೇಲಿಯೂ ಬೇಕು. ಮುದುಮಲೆ, ಬಂಡೀಪುರದಲ್ಲಿ ದಾರಿಯುದ್ದಕ್ಕೂ ಕಾಣುವ ಲಂಟಾನ ಕೂಡ 19ನೇ ಶತಮಾನದಲ್ಲಿ ಅಂದಕ್ಕೆಂದು ಭಾರತಕ್ಕೆ ತಂದ ತೋಟದ ಗಿಡವೇ. ಹಕ್ಕಿಗಳು ಅದರ ಬೀಜ ಹರಡುತ್ತವೆ, ಕಡಿದ ಬುಡ ಮತ್ತೆ ಚಿಗುರುತ್ತದೆ. ಅದರ ಪೊದೆಯಡಿ ಹುಲ್ಲು ಬೆಳೆಯದೆ ಜಿಂಕೆ, ಕಾಟಿ, ಆನೆಗಳ ಮೇವು ಕಡಿಮೆಯಾಗಿದೆ. ಮೇವಿಲ್ಲದ ಆನೆ ಎತ್ತ ಹೋದೀತು ಎಂಬುದು ಮಸಿನಗುಡಿ, ಗೂಡಲೂರಿನ ತೋಟದವರಿಗೆ ಹೇಳಬೇಕಿಲ್ಲ. ಗೂಡಲೂರು ಸೀಮೆಯ ಆದಿವಾಸಿ ಕುಶಲಕರ್ಮಿಗಳು ಇದೇ ಲಂಟಾನ ಕಡ್ಡಿಯಿಂದ ಆಳೆತ್ತರದ ಆನೆಗಳನ್ನು ಹೆಣೆದರು; ಅವು 2021ರಲ್ಲಿ ಲಂಡನ್ನಿನ ಉದ್ಯಾನಗಳಲ್ಲಿ ನಿಂತವು. ಊಟಿ ಸುತ್ತಲಿನ ಹುಲ್ಲುಗಾವಲಿಗೆ ನುಗ್ಗಿದ ಹಳದಿ ಹೂವಿನ ಸ್ಕಾಚ್ ಬ್ರೂಮ್ ಕತೆಯೂ ಹೀಗೆಯೇ.

ಆದ್ದರಿಂದ ಕಡ್ಡಿ ಕೇಳುವ ಮುನ್ನ ಎರಡು ಮಾತು ವಿಚಾರಿಸಿ: ಇದು ನಮ್ಮ ಹವೆಗೆ ಒಗ್ಗುತ್ತದೆಯೇ? ಹಣ್ಣು ಬಿಟ್ಟು ಹಕ್ಕಿಗಳಿಂದ ಹರಡುತ್ತದೆಯೇ? ಸವರಿದ ಕೊಂಬೆಗಳನ್ನು ಹಳ್ಳಕ್ಕೋ ಕಾಡಂಚಿಗೋ ಎಸೆಯಬೇಡಿ. ತೇವ ಸಿಕ್ಕರೆ ಅಲ್ಲೇ ಬೇರು ಬಿಡುವ ಗಿಡಗಳಿವೆ. ಹಿತ್ತಲಲ್ಲೇ ಒಣಗಿಸಿ ಒಲೆಗೆ ಹಾಕಿ. ನೆಂಟರಿಗೆ ಕೊಡುವುದಾದರೆ ಕಡ್ಡಿಯ ಬುಡಕ್ಕೆ ಒದ್ದೆ ಬಟ್ಟೆ ಸುತ್ತಿ ಕೊಡಿ, ಗುಂಡ್ಲುಪೇಟೆ ದಾಟಿಯೂ ಹಸಿರಾಗಿರುತ್ತದೆ.