ಕಾಯಿಲೆಗೊಬ್ಬ ಡಾಕ್ಟರ್, ಮನುಷ್ಯನಿಗೆ ಯಾರು?

79 ವರ್ಷದ ಒಬ್ಬ ಮಹಿಳೆ. ಬಿ.ಪಿ., ಸಕ್ಕರೆ ಕಾಯಿಲೆ, ಟೊಳ್ಳಾಗುತ್ತಿರುವ ಮೂಳೆ, ಕೀಲುನೋವು, ಸಾಲದ್ದಕ್ಕೆ ಶ್ವಾಸಕೋಶದ ಹಳೆಯ ತೊಂದರೆ. ಈಕೆ ನಿಜವಾದ ರೋಗಿಯಲ್ಲ. ಅಮೆರಿಕದ ವೈದ್ಯೆ ಸಿಂಥಿಯಾ ಬಾಯ್ಡ್ ಮತ್ತು ಸಂಗಡಿಗರು 2005ರಲ್ಲಿ ಒಂದು ಲೆಕ್ಕ ಹಾಕಿ ನೋಡಲೆಂದು ಕಲ್ಪಿಸಿಕೊಂಡವಳು. ಐದೂ ಕಾಯಿಲೆಗಳ ಚಿಕಿತ್ಸಾ ಮಾರ್ಗಸೂಚಿಗಳನ್ನು ಚಾಚೂ ತಪ್ಪದೆ ಪಾಲಿಸಿದರೆ ಆಕೆ 12 ಔಷಧ ನುಂಗಬೇಕಿತ್ತು, ತಿಂಗಳಿಗೆ 406 ಡಾಲರ್ ತೆರಬೇಕಿತ್ತು. ಬಿಡಿಬಿಡಿಯಾಗಿ ನೋಡಿದರೆ ಒಂದೊಂದು ಸಲಹೆಯೂ ಸರಿ. ಒಟ್ಟು ಸೇರಿದಾಗಲೇ ಎಡವಟ್ಟು.

ನಮ್ಮಲ್ಲಿ ಮನೆಮನೆಯಲ್ಲೂ ಸಿಗುವ ಆಮ್ಲೋಡಿಪಿನ್ ಮಾತ್ರೆಯನ್ನೇ ನೋಡಿ. ಅದು ಸಣ್ಣ ಅಪಧಮನಿಗಳನ್ನು ಸಡಿಲಿಸಿ ಬಿ.ಪಿ. ಇಳಿಸುತ್ತದೆ. ಅಭಿಧಮನಿಗಳು ಅಷ್ಟು ಸಡಿಲವಾಗುವುದಿಲ್ಲ. ಹೀಗಾಗಿ ಲೋಮನಾಳಗಳಲ್ಲಿ ಒತ್ತಡ ಹೆಚ್ಚಿ, ನೀರು ಹೊರಕ್ಕೆ ಜಿನುಗಿ, ಕೆಲವರಿಗೆ ಪಾದ ಊದಿಕೊಳ್ಳುತ್ತದೆ. ಊತವನ್ನು ಹೊಸ ರೋಗವೆಂದು ತಿಳಿದ ಇನ್ನೊಬ್ಬ ವೈದ್ಯರು ಮೂತ್ರ ಹೆಚ್ಚಿಸುವ ಮಾತ್ರೆ ಬರೆಯುತ್ತಾರೆ. ಅಜ್ಜಿ ರಾತ್ರಿಯೆಲ್ಲ ಎದ್ದೆದ್ದು ಬಚ್ಚಲಿಗೆ ಹೋಗುತ್ತಾರೆ, ಕತ್ತಲಲ್ಲಿ ಜಾರುವ ಭಯ ಬೇರೆ. ಆ ಮಾತ್ರೆಯಿಂದ ಯೂರಿಕ್ ಆಮ್ಲ ಏರಿ ಕಾಲಿನ ಹೆಬ್ಬೆರಳು ಕೆಂಪಗೆ ಬಾತುಕೊಳ್ಳಬಹುದು. ಆಗ ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ಬರುತ್ತದೆ. ಐಬುಪ್ರೊಫೆನ್‌ನಂಥ ನೋವುನಿವಾರಕಗಳು ಬಿ.ಪಿ. ಏರಿಸುತ್ತವೆ, ವಯಸ್ಸಿನಿಂದ ಮೊದಲೇ ಸೊರಗಿದ ಮೂತ್ರಪಿಂಡವನ್ನೂ ಹಿಂಡುತ್ತವೆ. ಬಿ.ಪಿ. ಏರಿತೆಂದು ಮತ್ತೊಂದು ಮಾತ್ರೆ! ವೈದ್ಯರು ಇದನ್ನು ಔಷಧಗಳ ಸರಪಳಿ ಎನ್ನುತ್ತಾರೆ. ಯಾರದೂ ದೊಡ್ಡ ತಪ್ಪಿಲ್ಲ. ಇಡೀ ಸರಪಳಿಯನ್ನು ನೋಡಿದವರೇ ಇಲ್ಲ, ಅಷ್ಟೇ.

ಆ ಕೆಲಸವನ್ನು ಯಾರಿಗಾದರೂ ವಹಿಸಿದರೆ? ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್‌ಗಳಲ್ಲಿ ಮೂರು ಅಥವಾ ಹೆಚ್ಚು ದೀರ್ಘಕಾಲದ ಕಾಯಿಲೆಗಳಿದ್ದ 1,546 ಜನರ ಮೇಲೆ ಇದನ್ನು ಪರೀಕ್ಷಿಸಿದರು. ಆರು ತಿಂಗಳಿಗೊಮ್ಮೆ ನರ್ಸ್, ಫಾರ್ಮಸಿಸ್ಟ್ ಮತ್ತು ಕುಟುಂಬ ವೈದ್ಯರು ಸೇರಿ ರೋಗಿಯ ಎಲ್ಲ ತೊಂದರೆಗಳನ್ನೂ ಒಟ್ಟಿಗೆ ವಿಚಾರಿಸಬೇಕು. ನಿಮ್ಮನ್ನು ಹೆಚ್ಚು ಕಾಡುತ್ತಿರುವುದು ಯಾವುದು ಎಂದು ಮೊದಲು ಕೇಳಬೇಕು. 2018ರಲ್ಲಿ ಬಂದ ಫಲಿತಾಂಶ ಅರೆಬರೆ: ಜೀವನದ ಗುಣಮಟ್ಟ ಅಳತೆಗೆ ಸಿಗುವಷ್ಟು ಸುಧಾರಿಸಲಿಲ್ಲ, ಆದರೆ ತಮ್ಮ ಮಾತಿಗೆ ಕಿವಿಗೊಟ್ಟರು ಎಂಬ ತೃಪ್ತಿ ರೋಗಿಗಳಿಗೆ ಸ್ಪಷ್ಟವಾಗಿ ಹೆಚ್ಚಿತು. ಇದನ್ನು ಸೋಲೆಂದು ತಳ್ಳಿಹಾಕಲು ನಾನಂತೂ ಒಪ್ಪೆ. ಹತ್ತಾರು ವರ್ಷದ ಕಾಯಿಲೆಗಳು ಕೆಲವು ಭೇಟಿಗಳಲ್ಲಿ ಹಗುರಾಗುವುದಿಲ್ಲ.

ನಿಮ್ಮ ಮನೆಯ ಹಿರಿಯರು ನುಂಗುವ ಎಲ್ಲವನ್ನೂ, ಚೂರ್ಣ, ಲೇಹ್ಯ, ನೋವಿನ ಮಾತ್ರೆ ಸಹಿತ, ಒಂದು ಚೀಲಕ್ಕೆ ಹಾಕಿ ಒಬ್ಬರೇ ವೈದ್ಯರ ಮುಂದೆ ಸುರಿಯಿರಿ. ಯಾವುದು ಯಾಕೆ, ಯಾವುದು ಇನ್ನು ಬೇಡ ಎಂದು ಕೇಳಿ. ನೀವಾಗಿಯೇ ಮಾತ್ರ ಯಾವುದನ್ನೂ ನಿಲ್ಲಿಸಬೇಡಿ. ಹೃದಯದ ಕೆಲವು ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಅಪಾಯ.